ಹಂಗಿನ ಚೀಲ, ಹಕ್ಕಿನ ತಟ್ಟೆ

ಬ್ಯಾಂಕ್ ಅಂದರೆ ನಮ್ಮ ಕಡೆ ಹಣದ ಬ್ಯಾಂಕು ಗೊತ್ತು, ರಕ್ತದ ಬ್ಯಾಂಕು ಗೊತ್ತು. ಬ್ರಿಟನ್ನಿನಲ್ಲಿ ಇನ್ನೊಂದು ಬಗೆಯದಿದೆ, ಫುಡ್ ಬ್ಯಾಂಕ್. ಹೆಸರು ಕೇಳಿ ದೊಡ್ಡ ಗೋದಾಮು ಇರಬಹುದು ಅಂದುಕೊಳ್ಳಬೇಡಿ. ಅನೇಕ ಕಡೆ ಅದು ಇಗರ್ಜಿಗೆ ಸೇರಿದ ಒಂದು ಹಾಲ್, ಅಲ್ಲಿ ನಾಲ್ಕು ಮೇಜು, ಸಂಬಳವಿಲ್ಲದೆ ದುಡಿಯುವ ಕೆಲವು ಜನ, ಅಷ್ಟೇ. ಮನೆಯಲ್ಲಿ ತಿನ್ನಲು ಏನೂ ಇಲ್ಲದವರು ಅಲ್ಲಿಗೆ ಹೋಗುತ್ತಾರೆ. ಸುಮ್ಮನೆ ಹೋದರೆ ಹೆಚ್ಚಿನ ಕಡೆ ಕೊಡುವುದಿಲ್ಲ. ಡಾಕ್ಟರೋ, ಸಮಾಜ ಕಾರ್ಯಕರ್ತರೋ, ಮಗುವಿನ ಶಾಲೆಯವರೋ ಇವರಿಗೆ ನಿಜಕ್ಕೂ ಕಷ್ಟವಿದೆ ಎಂದು ಚೀಟಿ ಕೊಡಬೇಕು. ಚೀಟಿ ತೋರಿಸಿದರೆ ಸಾಮಾನ್ಯವಾಗಿ ಮೂರು ದಿನಕ್ಕಾಗುವ ಚೀಲ ಸಿಗುತ್ತದೆ. ಡಬ್ಬದ ಬೀನ್ಸ್, ಪಾಸ್ತಾ, ಸೂಪ್, ಕೆಡದ ಹಾಲು, ಚಹಾಪುಡಿ... ಒಲೆ ಹಚ್ಚಲು ಗ್ಯಾಸಿಗೂ ಕರೆಂಟಿಗೂ ದುಡ್ಡಿಲ್ಲದವರಿಗೆಂದು ಕೆಲವು ಕಡೆ 'ಕೆಟಲ್ ಬಾಕ್ಸ್' ಅಂತ ಬೇರೆಯೇ ಇಟ್ಟಿರುತ್ತಾರೆ. ಅದರಲ್ಲಿರುವುದಕ್ಕೆ ಬಿಸಿನೀರು ಹೊಯ್ದರೆ ಸಾಕು. ಅದೂ ಆಗದವರಿಗೆ ಬೇಯಿಸಲೇ ಬೇಡದ ತಿನಿಸಿನ 'ಕೋಲ್ಡ್ ಬಾಕ್ಸ್'!

ಇದು ಜಗತ್ತಿನ ಅತಿ ದೊಡ್ಡ ಆರು ಆರ್ಥಿಕತೆಗಳಲ್ಲಿ ಒಂದಾದ ದೇಶದ ಕತೆ.

ಈ ಫುಡ್ ಬ್ಯಾಂಕುಗಳಲ್ಲಿ ದೊಡ್ಡ ಜಾಲ ಟ್ರಸೆಲ್ ಎಂಬ ಸಂಸ್ಥೆಯದು. ಅದು 1997ರಲ್ಲಿ ಶುರುವಾದದ್ದು ಬಲ್ಗೇರಿಯದ ಬೀದಿ ಮಕ್ಕಳಿಗೆ ಸಹಾಯ ಮಾಡಲಿಕ್ಕೆ. ಆಗ ಇಂಗ್ಲೆಂಡಿನ ಸಾಲ್ಸ್‌ಬರಿಯ ಒಬ್ಬ ತಾಯಿ ಫೋನ್ ಮಾಡಿ, ನನ್ನ ಮಕ್ಕಳು ಇಲ್ಲೇ ಹಸಿದು ಮಲಗುತ್ತಿದ್ದಾರಲ್ಲ, ನಮಗೇನು ಮಾಡುತ್ತೀರಿ ಅಂತ ಕೇಳಿದಳಂತೆ. 2000ದಲ್ಲಿ ಸಾಲ್ಸ್‌ಬರಿಯ ಒಂದು ಮನೆಯ ತೋಟದ ಶೆಡ್ಡಿನಲ್ಲಿ ಮೊದಲ ಫುಡ್ ಬ್ಯಾಂಕ್ ಶುರುವಾಯಿತು. 2008-09ರಲ್ಲಿ ಈ ಜಾಲ ಹಂಚಿದ ಚೀಲಗಳು ಸುಮಾರು 26 ಸಾವಿರ. 2023-24ರಲ್ಲಿ 31 ಲಕ್ಷ ದಾಟಿತು! 2024-25ರಲ್ಲಿ ಸ್ವಲ್ಪ ಇಳಿದು ಸುಮಾರು 29 ಲಕ್ಷ, ಅದರಲ್ಲಿ 10 ಲಕ್ಷಕ್ಕೂ ಹೆಚ್ಚು ಮಕ್ಕಳ ಪಾಲಿನವು. ಇದು ಜನರ ಲೆಕ್ಕವಲ್ಲ, ಚೀಲಗಳ ಲೆಕ್ಕ, ಒಬ್ಬರೇ ಎರಡು ಮೂರು ಸಲ ಬಂದಿರಬಹುದು. ಹಾಗೆಯೇ ಟ್ರಸೆಲ್ ಜಾಲಕ್ಕೆ ಸೇರದ ಸಾವಿರಕ್ಕೂ ಹೆಚ್ಚು ಸ್ವತಂತ್ರ ಫುಡ್ ಬ್ಯಾಂಕುಗಳು ಇವೆ, ಅವುಗಳ ಚೀಲ ಈ ಲೆಕ್ಕದಲ್ಲಿಲ್ಲ.

ಅಷ್ಟು ಶ್ರೀಮಂತ ದೇಶದಲ್ಲಿ ಹಸಿಯುವವರು ಸೋಮಾರಿಗಳೇ ಇರಬೇಕು ಅಂತ ಕೆಲವರಿಗೆ ಅನ್ನಿಸಬಹುದು. ಹಾಗೇನೂ ಇಲ್ಲ ಮಾರಾಯ್ರೆ. ಚೀಲ ಒಯ್ಯುವವರಲ್ಲಿ ಕೆಲಸವಿರುವ ಮನೆಗಳವರೂ ಇದ್ದಾರೆ. ಅಲ್ಲಿನ ಕೆಲವು ಸರಕಾರಿ ಆಸ್ಪತ್ರೆಗಳು ತಮ್ಮದೇ ಸಿಬ್ಬಂದಿಗಾಗಿ ಫುಡ್ ಬ್ಯಾಂಕ್ ತೆರೆದದ್ದು 2022ರಲ್ಲಿ ಸುದ್ದಿಯಾಯಿತು. ಹಗಲಿಡೀ ರೋಗಿಗಳಿಗೆ ಊಟ ಕೊಡಿಸುವವರ ಮನೆಯಲ್ಲೇ ರಾತ್ರಿಗೆ ಊಟವಿಲ್ಲ ಅಂದರೆ ಅದು ಸೋಮಾರಿತನವೇ?

ಕಾರಣ ಬೇರೆಯೇ ಇದೆ. 2010ರ ನಂತರ ಬ್ರಿಟಿಷ್ ಸರಕಾರ ಖರ್ಚು ಕಡಿತದ ಹೆಸರಿನಲ್ಲಿ ಬಡವರಿಗೆ ಕೊಡುತ್ತಿದ್ದ ನೆರವನ್ನು ಒಂದೊಂದಾಗಿ ಕತ್ತರಿಸುತ್ತ ಹೋಯಿತು. ಹಲವು ಬಗೆಯ ನೆರವನ್ನು ಒಟ್ಟು ಸೇರಿಸಿ 2013ರಿಂದ 'ಯೂನಿವರ್ಸಲ್ ಕ್ರೆಡಿಟ್' ಎಂಬ ಒಂದೇ ಯೋಜನೆ ಮಾಡಿದರು. ಅದಕ್ಕೆ ಅರ್ಜಿ ಹಾಕಿದರೆ ಮೊದಲ ಹಣ ಕೈಗೆ ಬರಲು ಐದು ವಾರ ಕಾಯಬೇಕು. ಬೇಕಿದ್ದರೆ ಮುಂಗಡ ಕೊಡುತ್ತಾರೆ, ಆದರೆ ಅದು ಸಾಲ, ಮುಂದೆ ಸಿಗುವ ನೆರವಿನಲ್ಲೇ ಹಿಡಿದುಕೊಳ್ಳುತ್ತಾರೆ. ಕೆಲಸ ಹೋದವನ ಹೊಟ್ಟೆ ಐದು ವಾರ ಕಾಯುತ್ತದೆಯೇ? 2017ರಲ್ಲಿ ಇನ್ನೊಂದು ನಿಯಮ ಬಂತು, ಎರಡು ಮಕ್ಕಳ ಮೇಲೆ ಹುಟ್ಟಿದ ಮಗುವಿಗೆ ನೆರವಿಲ್ಲ ಅಂತ. ಮೂರನೆಯದಾಗಿ ಹುಟ್ಟಿದ್ದು ಮಗುವಿನ ತಪ್ಪು ಅನ್ನುವ ಹಾಗೆ! ಆ ನಿಯಮವನ್ನು 2026ರ ಏಪ್ರಿಲಿನಿಂದ ತೆಗೆಯುವುದಾಗಿ ಸರಕಾರ ಹೇಳಿದ್ದು 2025ರ ನವೆಂಬರಿನ ಬಜೆಟ್ಟಿನಲ್ಲಿ. ಅಷ್ಟರಲ್ಲಿ ಒಂದು ಪೀಳಿಗೆಯ ಮಕ್ಕಳ ಬಾಲ್ಯದ ಮುಖ್ಯ ಭಾಗ ಕಳೆದುಹೋಗಿತ್ತು.

ಕಡುಬಡತನದ ಕುರಿತು ವಿಶ್ವಸಂಸ್ಥೆಯ ವಿಶೇಷ ವರದಿಗಾರರಾಗಿದ್ದ ಫಿಲಿಪ್ ಆಲ್ಸ್ಟನ್ 2018ರ ನವೆಂಬರಿನಲ್ಲಿ ಬ್ರಿಟನ್ ಸುತ್ತಿದರು. 1 ಕೋಟಿ 40 ಲಕ್ಷ ಜನ, ಅಂದರೆ ಐವರಲ್ಲಿ ಒಬ್ಬರು ಬಡತನದಲ್ಲಿದ್ದಾರೆ ಎಂದು ಬರೆದರು. ಇದು ಹಣವಿಲ್ಲದ್ದರಿಂದ ಆದದ್ದಲ್ಲ, ಸರಕಾರ ಆರಿಸಿಕೊಂಡ ದಾರಿಯಿಂದ ಆದದ್ದು ಎಂಬುದು ಅವರ ವರದಿಯ ತಿರುಳು. ಅಲ್ಲಿನ ಮಂತ್ರಿಗಳಿಗೆ ಸಿಟ್ಟು ಬಂತು. ಆಫ್ರಿಕಕ್ಕೋ ಏಷ್ಯಕ್ಕೋ ಹೋಗಬೇಕಾದ ಇಂಥ ವರದಿಗಾರ ನಮ್ಮಲ್ಲಿಗೆ ಯಾಕೆ ಬಂದ ಅನ್ನುವ ಸಿಟ್ಟಿರಬೇಕು.

ಈಗ ಶಾಲೆಯ ಮಾತಿಗೆ ಬರೋಣ. ನಾವು ಮಾಸ್ಟ್ರುಗಳಿಗೆ ಹೆಚ್ಚು ತಿಳಿಯುವುದು ಅದೇ ತಾನೆ.

ಇಂಗ್ಲೆಂಡಿನಲ್ಲಿ ಮೊದಲ ಮೂರು ತರಗತಿಯ ಮಕ್ಕಳಿಗೆ 2014ರಿಂದ ಮಧ್ಯಾಹ್ನದ ಊಟ ಉಚಿತ. ಅದಕ್ಕಿಂತ ದೊಡ್ಡ ಮಕ್ಕಳಿಗೆ ಮನೆಯ ಆದಾಯ ನೋಡಿ ಕೊಡುವ ಪದ್ಧತಿ. ಯೂನಿವರ್ಸಲ್ ಕ್ರೆಡಿಟ್ ಪಡೆಯುವ ಮನೆಗಳಿಗೆ 2018ರಲ್ಲಿ ಇಟ್ಟ ಮಿತಿ ವರ್ಷಕ್ಕೆ 7,400 ಪೌಂಡ್ ದುಡಿಮೆ. ನಮ್ಮ ಹಣದಲ್ಲಿ ಎಂಟು ಲಕ್ಷದ ಮೇಲಾಯಿತಲ್ಲ ಅನ್ನಬೇಡಿ. ಲಂಡನಿನಲ್ಲಿ ಒಂದು ಸಣ್ಣ ಮನೆಯ ವರ್ಷದ ಬಾಡಿಗೆಗೂ ಅದು ಸಾಲದು. ಅದಕ್ಕಿಂತ ಸ್ವಲ್ಪ ಹೆಚ್ಚು ದುಡಿದರೆ ಮಗುವಿನ ಊಟ ಹೋಯಿತು! ತಾಯಿ ನಾಲ್ಕು ಗಂಟೆ ಹೆಚ್ಚು ಕೆಲಸ ಮಾಡಿದ್ದಕ್ಕೆ ಮಗುವಿಗೆ ಶಿಕ್ಷೆ. 2026ರ ಸೆಪ್ಟೆಂಬರಿನಿಂದ ಯೂನಿವರ್ಸಲ್ ಕ್ರೆಡಿಟ್ ಪಡೆಯುವ ಎಲ್ಲ ಮನೆಗಳ ಮಕ್ಕಳಿಗೂ ಕೊಡುತ್ತೇವೆ ಎಂದು ಸರಕಾರ 2025ರ ಜೂನಿನಲ್ಲಿ ಪ್ರಕಟಿಸಿತು. ಒಳ್ಳೆಯದೇ. ಆದರೂ ಅದು ಎಲ್ಲ ಮಕ್ಕಳಿಗೂ ಅಲ್ಲ, ಅಳತೆಗೋಲು ಬದಲಾಯಿತು ಅಷ್ಟೇ.

ಇದಕ್ಕೆ ಮೊದಲು ಏನೇನಾಯಿತು ಎಂಬುದನ್ನು ನೆನೆಯಬೇಕು. 2020ರಲ್ಲಿ ಕೋವಿಡ್ ಬಂದು ಶಾಲೆ ಮುಚ್ಚಿದಾಗ ಉಚಿತ ಊಟದ ಮಕ್ಕಳಿಗೆ ವಾರಕ್ಕೆ 15 ಪೌಂಡಿನ ಕೂಪನ್ ಕೊಡುತ್ತಿದ್ದರು. ಬೇಸಗೆ ರಜೆಯಲ್ಲಿ ಅದು ಇಲ್ಲ ಅಂದರು. ಆಗ ಎದ್ದು ನಿಂತದ್ದು ಯಾವ ಪಕ್ಷದ ನಾಯಕನೂ ಅಲ್ಲ, ಮ್ಯಾಂಚೆಸ್ಟರ್ ಯುನೈಟೆಡ್ ತಂಡದ 22 ವರ್ಷದ ಫುಟ್‌ಬಾಲ್ ಆಟಗಾರ ಮಾರ್ಕಸ್ ರ್‍ಯಾಶ್‌ಫರ್ಡ್. ಸಣ್ಣವನಿದ್ದಾಗ ಶಾಲೆಯ ಉಚಿತ ಊಟ ತಿಂದೇ ಬೆಳೆದವನು. ಜೂನ್ 15ಕ್ಕೆ ಸಂಸದರಿಗೆ ಬಹಿರಂಗ ಪತ್ರ ಬರೆದ. ಮರುದಿನವೇ ಸರಕಾರ ಮಣಿಯಿತು. ಸುಮಾರು 13 ಲಕ್ಷ ಮಕ್ಕಳಿಗಾಗಿ 12 ಕೋಟಿ ಪೌಂಡ್ ಬಿಡುಗಡೆಯಾಯಿತು. ಮುಂದಿನ ರಜೆಗಳಿಗೂ ಕೊಡಿ ಎಂಬ ಗೊತ್ತುವಳಿ ಅಕ್ಟೋಬರಿನಲ್ಲಿ ಬಂದಾಗ ಪಾರ್ಲಿಮೆಂಟು 261ಕ್ಕೆ ಎದುರಾಗಿ 322 ಮತಗಳಿಂದ ಬೇಡ ಅಂದಿತು. ಜನ ಉಗಿದ ಮೇಲೆ ನವೆಂಬರಿನಲ್ಲಿ ಮತ್ತೆ ಮಣಿದರು.

2021ರ ಜನವರಿಯಲ್ಲಿ ಶಾಲೆಗಳು ಪುನಃ ಮುಚ್ಚಿದವು. ಈ ಸಲ ಕೆಲವು ಕಡೆ ಕೂಪನ್ ಬದಲು ಮನೆಗೇ ಸಾಮಾನು ಕಳಿಸಿದರು. ಒಬ್ಬ ತಾಯಿ ತನಗೆ ಬಂದ ಸಾಮಾನನ್ನು ನೆಲದ ಮೇಲೆ ಹರಡಿ ಫೋಟೋ ತೆಗೆದು ಎಲ್ಲರಿಗೂ ತೋರಿಸಿದಳು. ಒಂದು ಬ್ರೆಡ್ಡು, ಚೀಸಿನ ಕೆಲವು ತುಂಡು, ಒಂದು ಡಬ್ಬ ಬೀನ್ಸ್, ಎರಡು ಬಟಾಟೆ, ಎರಡು ಕ್ಯಾರೆಟ್, ಎರಡು ಬಾಳೆಹಣ್ಣು, ಕೆಲವು ಸೇಬು, ಇಂಥವೇ ಇನ್ನು ಒಂದೆರಡು. ಇದು ಹತ್ತು ದಿನದ್ದು, 30 ಪೌಂಡಿನದ್ದು ಅಂತ ಆಕೆ ತಿಳಿದುಕೊಂಡಿದ್ದಳು. ಅಂಗಡಿಯ ಬೆಲೆ ಕೂಡಿಸಿ ನೋಡಿದರೆ 5 ಪೌಂಡ್ ಚಿಲ್ಲರೆ! ಗುತ್ತಿಗೆದಾರರು ಅದು ಐದು ದಿನದ್ದು, ಬೆಲೆಯೂ ಅಷ್ಟಲ್ಲ ಅಂತ ಸಮಜಾಯಿಷಿ ಕೊಟ್ಟರು, ಕ್ಷಮೆಯನ್ನೂ ಕೇಳಿದರು. ನಮಗೆ ಇದರಲ್ಲಿ ಮುಖ್ಯವೆನಿಸುವುದು ಬೇರೆ. ಬಡವರ ಮಗುವಿಗೆ ಎರಡು ಕ್ಯಾರೆಟ್ ಸಾಕು ಅಂತ ಯಾರೋ ಒಂದು ಕಚೇರಿಯಲ್ಲಿ ಕೂತು ಲೆಕ್ಕ ಹಾಕಿದ್ದಾರೆ. ಎಲ್ಲರ ಮಕ್ಕಳಿಗೂ ಹೋಗುವ ಊಟವಾಗಿದ್ದರೆ ಹಾಗೆ ಲೆಕ್ಕ ಹಾಕುವ ಧೈರ್ಯ ಬರುತ್ತಿತ್ತೇ?

ಬ್ರಿಟನ್ನಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ, ಅದೇ ದುಃಖ. ಬೋವರ್ ಯುದ್ಧಕ್ಕೆ ಸೈನ್ಯ ಸೇರಲು ಬಂದ ಯುವಕರಲ್ಲಿ ಎಷ್ಟೋ ಜನ ಆಹಾರವಿಲ್ಲದೆ ಕೃಶರಾಗಿದ್ದುದನ್ನು ಕಂಡು ಬೆಚ್ಚಿ ಅವರು 1906ರಲ್ಲೇ ಶಾಲಾ ಊಟದ ಕಾಯಿದೆ ಮಾಡಿದ್ದರು. ಮಾರ್ಗರೆಟ್ ಮೆಕ್‌ಮಿಲನ್ ಅವರಂಥವರು ದುಡಿದ ಬ್ರಾಡ್‌ಫರ್ಡ್ ಪಟ್ಟಣ ಅದರಲ್ಲಿ ಮುಂದೆ ಇತ್ತು. 1944ರ ಶಿಕ್ಷಣ ಕಾಯಿದೆ ಶಾಲೆಯಲ್ಲಿ ಊಟ, ಹಾಲು ಒದಗಿಸುವುದನ್ನು ಕರ್ತವ್ಯ ಮಾಡಿತು. 1971ರಲ್ಲಿ ಶಿಕ್ಷಣ ಮಂತ್ರಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಏಳು ವರ್ಷ ದಾಟಿದ ಮಕ್ಕಳ ಉಚಿತ ಹಾಲು ನಿಲ್ಲಿಸಿದರು. 1980ರಲ್ಲಿ, ಅವರು ಪ್ರಧಾನಿಯಾಗಿದ್ದಾಗ, ಎಲ್ಲರಿಗೂ ಊಟ ಒದಗಿಸಬೇಕೆಂಬ ಕರ್ತವ್ಯವೂ ಹೋಯಿತು. ಕಟ್ಟಲು ಸುಮಾರು ನಾಲ್ಕು ದಶಕ, ಕೆಡವಲು ಒಂದೇ ದಶಕ.

ಇನ್ನು ಅಮೆರಿಕ. ಕಾಸರಗೋಡಿನ ನಮ್ಮ ಹಿರಿಯರಿಗೆ ಆ ದೇಶದ ರುಚಿ ನಾಲಿಗೆಗೇ ಗೊತ್ತು. 1960-70ರ ದಶಕಗಳಲ್ಲಿ ಕೇರಳದ ಶಾಲೆಗಳಿಗೆ 'ಕೇರ್' ಸಂಸ್ಥೆಯ ಮೂಲಕ ಅಮೆರಿಕದ ಧಾನ್ಯ, ಹಾಲಿನ ಪುಡಿ ಬರುತ್ತಿದ್ದವು. ಅದರ ಸಜ್ಜಿಗೆಯ ಪರಿಮಳವನ್ನು ಆ ಕಾಲದವರು ಇವತ್ತಿಗೂ ನೆನೆಯುತ್ತಾರೆ. ನಮ್ಮ ಮಕ್ಕಳಿಗೆ ಸಜ್ಜಿಗೆ ಕಳಿಸಿದ ಅದೇ ದೇಶದಲ್ಲಿ ಶಾಲಾಮಕ್ಕಳ ಹೆಸರಿನಲ್ಲಿ 'ಊಟದ ಸಾಲ' ಇದೆ ಅಂದರೆ ನಂಬುತ್ತೀರಾ? ಅಪ್ಪ ಅಮ್ಮ ಖಾತೆಗೆ ಹಣ ತುಂಬದಿದ್ದರೆ ಮಗುವಿನ ಲೆಕ್ಕಕ್ಕೆ ಬಾಕಿ ಬರೆಯುತ್ತಾರೆ. 2014ರ ಜನವರಿಯಲ್ಲಿ ಸಾಲ್ಟ್ ಲೇಕ್ ಸಿಟಿಯ ಒಂದು ಶಾಲೆಯಲ್ಲಿ, ಬಾಕಿಯಿದ್ದ ಸುಮಾರು 40 ಮಕ್ಕಳ ಕೈಯಿಂದ ಬಡಿಸಿದ ತಟ್ಟೆ ತೆಗೆದುಕೊಂಡು ಊಟವನ್ನು ಕಸಕ್ಕೆ ಎಸೆದರು. ಒಮ್ಮೆ ಬಡಿಸಿದ್ದನ್ನು ಇನ್ನೊಬ್ಬರಿಗೆ ಕೊಡಬಾರದಂತೆ, ಅದಕ್ಕೇ ಎಸೆದದ್ದಂತೆ! 2016ರಲ್ಲಿ ಅಲಬಾಮಾದ ಒಂದು ಶಾಲೆಯಲ್ಲಿ, ನನಗೆ ಊಟದ ಹಣ ಬೇಕು ಎಂಬರ್ಥದ ಮೊಹರನ್ನು ಮಗುವಿನ ತೋಳಿಗೇ ಒತ್ತಿ ಮನೆಗೆ ಕಳಿಸಿದರು. 2017ರಲ್ಲಿ ನ್ಯೂ ಮೆಕ್ಸಿಕೋ ರಾಜ್ಯ ಇಂಥ ಅವಮಾನಗಳನ್ನು ನಿಷೇಧಿಸಿ ಕಾಯಿದೆ ಮಾಡಿತು. ಊಟದ ಹೊತ್ತಿನಲ್ಲಿ ಮಗುವಿಗೆ ಅವಮಾನ ಮಾಡಬಾರದು ಅನ್ನಲಿಕ್ಕೂ ಕಾಯಿದೆ ಬೇಕಾಯಿತು ನೋಡಿ.

ಕೋವಿಡ್ ಕಾಲದಲ್ಲಿ ಅಮೆರಿಕದ ಶಾಲೆಗಳಲ್ಲಿ ಎಲ್ಲರಿಗೂ ಉಚಿತ ಊಟ ಸಿಕ್ಕಿತು. 2022ರ ಜೂನಿಗೆ ಅದು ಮುಗಿಯಿತು. ಕ್ಯಾಲಿಫೋರ್ನಿಯಾ, ಮೇನ್‌ನಂಥ ಕೆಲವು ರಾಜ್ಯಗಳು ತಮ್ಮ ಹಣದಲ್ಲಿ ಮುಂದುವರಿಸಿದವು. ದೊಡ್ಡವರ ಗತಿ? ಬಡವರಿಗೆ ಆಹಾರ ಕೊಳ್ಳಲು 'ಸ್ನ್ಯಾಪ್' ಎಂಬ ಯೋಜನೆಯಿದೆ, 2025ರಲ್ಲಿ 4 ಕೋಟಿ 20 ಲಕ್ಷದಷ್ಟು ಜನ ಅದನ್ನು ನಂಬಿದ್ದರು. 2025ರ ಅಕ್ಟೋಬರಿನಲ್ಲಿ ಬಜೆಟ್ ಜಗಳದಿಂದ ಸರಕಾರದ ಕೆಲಸವೇ ನಿಂತಿತು. ನವೆಂಬರ್ ಬಂದರೂ ಸ್ನ್ಯಾಪ್ ಹಣ ಬರಲಿಲ್ಲ, ವಿಷಯ ಕೋರ್ಟಿನಿಂದ ಕೋರ್ಟಿಗೆ ಅಲೆಯಿತು. ಜನ ಫುಡ್ ಬ್ಯಾಂಕುಗಳ ಎದುರು ಸಾಲು ನಿಂತರು. ಅದಕ್ಕೂ ಮೊದಲು ಸೆಪ್ಟೆಂಬರಿನಲ್ಲಿ ಅಲ್ಲಿನ ಕೃಷಿ ಇಲಾಖೆ, ಎಷ್ಟು ಮನೆಗಳಲ್ಲಿ ಊಟಕ್ಕೆ ಕೊರತೆಯಿದೆ ಎಂದು ಪ್ರತಿವರ್ಷ ಮಾಡುತ್ತಿದ್ದ ವರದಿಯನ್ನೇ ಮುಂದೆ ನಿಲ್ಲಿಸುತ್ತೇವೆ ಅಂದಿತ್ತು. 2023ರ ಲೆಕ್ಕದಲ್ಲಿ ಅಂಥ ಮನೆಗಳು ನೂರಕ್ಕೆ 13.5 ಇದ್ದವು. ಹಾಜರಿ ತೆಗೆಯುವುದು ಬಿಟ್ಟರೆ ಯಾವ ಮಗುವೂ ಗೈರುಹಾಜರಿಲ್ಲ, ಅಲ್ವಾ?

ಇಷ್ಟೆಲ್ಲ ಹೇಳಿದ್ದು ಅವರನ್ನು ಹಂಗಿಸಲಿಕ್ಕಲ್ಲ. ಈ ದೇಶಗಳಲ್ಲಿ ಅನ್ನಕ್ಕೆ ಕೊರತೆಯಿಲ್ಲ. ಮಿಕ್ಕಿ ಎಸೆಯುವಷ್ಟಿದೆ. ದಯೆಗೂ ಕೊರತೆಯಿಲ್ಲ. ಲಿವರ್‌ಪೂಲಿನಲ್ಲಿ ಮೈದಾನದೊಳಗೆ ಹಾವು ಮುಂಗುಸಿಯಂತಿರುವ ಎರಡು ತಂಡಗಳ ಅಭಿಮಾನಿಗಳು ಒಟ್ಟಾಗಿ 2015ರಿಂದ ಫುಡ್ ಬ್ಯಾಂಕಿಗೆ ಸಾಮಾನು ಸಂಗ್ರಹಿಸುತ್ತಿದ್ದಾರೆ. ಇಲ್ಲದಿರುವುದು ಹಕ್ಕು. ಅನ್ನ ಹಕ್ಕಾಗದೆ ದಯೆಯಾಗಿ ಉಳಿದರೆ ಏನಾಗುತ್ತದೆ ಎಂಬುದಕ್ಕೆ ಈ ಶ್ರೀಮಂತ ದೇಶಗಳೇ ಪಾಠ.

ಹಕ್ಕು ಅಂದರೆ ಘೋಷಣೆಯಲ್ಲ. 1966ರ ಅಂತಾರಾಷ್ಟ್ರೀಯ ಒಡಂಬಡಿಕೆಯ 11ನೆಯ ವಿಧಿ ಸಾಕಷ್ಟು ಆಹಾರ ಪ್ರತಿಯೊಬ್ಬರ ಹಕ್ಕು ಎಂದು ಹೇಳುತ್ತದೆ. ಅದರ ಅರ್ಥವನ್ನು ವಿಶ್ವಸಂಸ್ಥೆಯ ಸಮಿತಿ 1999ರಲ್ಲಿ ಬಿಡಿಸಿ ಹೇಳಿತು. ಸರಕಾರ ತಾನಾಗಿ ಯಾರ ಅನ್ನವನ್ನೂ ಕಸಿಯಬಾರದು, ಬೇರೆಯವರು ಕಸಿಯದಂತೆ ಕಾಯಬೇಕು, ತಾನೇ ದುಡಿದು ಉಣ್ಣಲು ಅನುಕೂಲ ಮಾಡಿಕೊಡಬೇಕು, ಅದೂ ಆಗದವರಿಗೆ ನೇರವಾಗಿ ಕೊಡಬೇಕು. ಬ್ರಿಟನ್ ಈ ಒಡಂಬಡಿಕೆಯನ್ನು 1976ರಲ್ಲಿ ಒಪ್ಪಿತು, ಆದರೆ ತನ್ನ ಕಾನೂನಿನೊಳಗೆ ಸೇರಿಸಲಿಲ್ಲ. ಹಾಗಾಗಿ ಅಲ್ಲಿ ಹಸಿದವರು ಆ ಒಡಂಬಡಿಕೆ ಹಿಡಿದು ಕೋರ್ಟಿಗೆ ಹೋಗುವಂತಿಲ್ಲ. ಅಮೆರಿಕ 1977ರಲ್ಲಿ ಸಹಿ ಹಾಕಿ ಅಲ್ಲಿಗೇ ನಿಲ್ಲಿಸಿತು. 2021ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಗೆ ಆಹಾರದ ಹಕ್ಕಿನ ಗೊತ್ತುವಳಿ ಬಂದಾಗ ಎದುರು ಮತ ಹಾಕಿದ್ದು ಅಮೆರಿಕ ಮತ್ತು ಇಸ್ರೇಲ್ ಎರಡೇ. ಆದರೆ ಅದೇ ವರ್ಷ ನವೆಂಬರಿನಲ್ಲಿ ಅಮೆರಿಕದ ಮೇನ್ ರಾಜ್ಯದ ಜನ ಮತ ಹಾಕಿ ತಮ್ಮ ಸಂವಿಧಾನದಲ್ಲಿ ಆಹಾರದ ಹಕ್ಕು ಬರೆದುಕೊಂಡರು. ಜನರಿಗೆ ಬೇಡವಾಗಿಲ್ಲ ಅನ್ನುವುದಕ್ಕೆ ಇದೊಂದು ಗುರುತು.

ನಮ್ಮಲ್ಲಿ ಏನಾಯಿತು ನೋಡಿ. ಕೇರಳ 1984ರಲ್ಲಿ ತನ್ನದೇ ಹಣದಲ್ಲಿ ಶಾಲೆಯಲ್ಲಿ ಗಂಜಿ, ಹೆಸರುಕಾಳು ಶುರು ಮಾಡಿತ್ತು. ತಮಿಳುನಾಡು 1956ರಲ್ಲೇ, ಕಾಮರಾಜರ ಕಾಲದಲ್ಲಿ. ದೇಶದ ಹಲವು ರಾಜ್ಯಗಳಲ್ಲಿ ಮಾತ್ರ ಬೇಯಿಸಿದ ಊಟ ಇರಲಿಲ್ಲ, ಮಕ್ಕಳಿಗೆ ಧಾನ್ಯ ಹಂಚಿ ಕೈತೊಳೆದುಕೊಳ್ಳುತ್ತಿದ್ದರು. 2001ರಲ್ಲಿ ಗೋದಾಮುಗಳಲ್ಲಿ ಧಾನ್ಯ ಕೊಳೆಯುತ್ತಿರುವಾಗ ರಾಜಸ್ಥಾನದಲ್ಲಿ ಬರ. ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಘಟನೆಯವರು ಸುಪ್ರೀಂ ಕೋರ್ಟಿಗೆ ಹೋದರು. ಜೀವಿಸುವ ಹಕ್ಕಿನಲ್ಲಿ ಅನ್ನದ ಹಕ್ಕೂ ಸೇರಿದೆ ಎಂಬುದು ಅವರ ವಾದ. 2001ರ ನವೆಂಬರ್ 28ರಂದು ಕೋರ್ಟು, ಸರಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಪ್ರತಿ ಮಗುವಿಗೂ ವರ್ಷಕ್ಕೆ ಕನಿಷ್ಠ 200 ದಿನ ಬೇಯಿಸಿದ ಊಟ ಕೊಡಿ ಎಂದು ಆದೇಶಿಸಿತು. ಊಟದಲ್ಲಿ ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನು ಇರಬೇಕೆಂದೂ ಹೇಳಿತು. 2013ರ ಆಹಾರ ಭದ್ರತಾ ಕಾಯಿದೆ ಅದನ್ನು 8ನೆಯ ತರಗತಿಯವರೆಗೆ ಕಾನೂನಿನ ಹಕ್ಕು ಮಾಡಿತು.

ಇಲ್ಲಿ ಆದಾಯ ಪ್ರಮಾಣಪತ್ರ ಕೇಳುವುದಿಲ್ಲ. ಅಂಗಡಿಯವರ ಮಗ, ಬೀಡಿ ಕಟ್ಟುವವರ ಮಗಳು, ಟೀಚರ ಮಗು ಒಂದೇ ಸಾಲಿನಲ್ಲಿ ಕೂರುತ್ತಾರೆ. ಯಾರು ಬಡವರೆಂದು ತಟ್ಟೆ ನೋಡಿ ತಿಳಿಯುವುದಿಲ್ಲ. ಇದು ಸಣ್ಣ ಮಾತಲ್ಲ ಸ್ನೇಹಿತರೇ. ನಾಚಿಕೆಯಿಂದ ಊಟ ಬಿಡುವ ಮಗುವಿನ ಹೊಟ್ಟೆಯನ್ನು ಯಾವ ಯೋಜನೆಯೂ ತುಂಬಿಸಲಾರದು.

ಹಾಗೆಂದು ನಾವು ಬೀಗುವಂತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ನಮ್ಮ ಮಕ್ಕಳಲ್ಲಿ ನೂರಕ್ಕೆ 35.5ರಷ್ಟು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಊಟದ ಬಾಕಿ ಹಣಕ್ಕಾಗಿ ಕೇರಳದ ಮುಖ್ಯೋಪಾಧ್ಯಾಯರ ಕಡೆಯವರು 2023ರಲ್ಲಿ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಅಡುಗೆಯವರ ಗೌರವಧನದ ಮಾತು ಆಡದಿರುವುದೇ ವಾಸಿ. ಆದರೂ ಒಂದು ವ್ಯತ್ಯಾಸವಿದೆ. ಊಟ ನಿಂತರೆ ನಮ್ಮಲ್ಲಿ ಇಂಥ ಕಾಯಿದೆ ಮುರಿಯಿತು ಎಂದು ಬೆರಳು ತೋರಿಸಬಹುದು. ಫುಡ್ ಬ್ಯಾಂಕಿನ ಕಪಾಟು ಖಾಲಿಯಾದರೆ ಯಾರ ಮೇಲೆ ದೂರು ಕೊಡುವುದು? ಆ ಪುಣ್ಯಾತ್ಮರ ಮೇಲೆಯೇ?

ಉಳ್ಳವರ ಮಕ್ಕಳಿಗೂ ಸರಕಾರ ಯಾಕೆ ಉಣಿಸಬೇಕು ಎಂದು ಕೇಳುವವರು ಎಲ್ಲ ದೇಶದಲ್ಲೂ ಇದ್ದಾರೆ, ನಮ್ಮ ಸ್ಟಾಫ್ ರೂಮುಗಳಲ್ಲೂ ಇದ್ದಾರೆ. ಉಳ್ಳವರಿಂದ ತೆರಿಗೆಯಲ್ಲಿ ವಸೂಲು ಮಾಡಿ, ಪಂಕ್ತಿಯಲ್ಲಿ ಬೇಧ ಮಾಡಬೇಡಿ ಎಂಬುದು ನಮ್ಮ ಉತ್ತರ. ಇದಕ್ಕೆ ಫಿನ್ಲೆಂಡ್ ಸಾಕ್ಷಿ. 1943ರಲ್ಲಿ, ಯುದ್ಧದ ನಡುವೆ, ಇವತ್ತಿನ ಸಿರಿ ಇನ್ನೂ ಬಂದಿಲ್ಲದಾಗ, ಆ ದೇಶ ಎಲ್ಲ ಮಕ್ಕಳಿಗೂ ಶಾಲೆಯಲ್ಲಿ ಉಚಿತ ಊಟದ ಕಾಯಿದೆ ಮಾಡಿತು. ಐದು ವರ್ಷ ಸಮಯ ತೆಗೆದುಕೊಂಡು 1948ರಲ್ಲಿ ಜಾರಿಗೆ ತಂದಿತು. ಇವತ್ತಿಗೂ ನಿಲ್ಲಿಸಿಲ್ಲ. ಲಂಡನ್ ನಗರದ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮೇಯರ್ ಸಾದಿಕ್ ಖಾನ್ 2023ರಿಂದ ಎಲ್ಲರಿಗೂ ಊಟ ಕೊಡಿಸುತ್ತಿದ್ದಾರೆ, ವೇಲ್ಸ್ ಕೂಡ ತನ್ನ ಪ್ರಾಥಮಿಕ ಶಾಲೆಗಳಿಗೆ ಅದನ್ನು ವಿಸ್ತರಿಸಿದೆ. ಅಂದರೆ ದಾರಿ ತಿಳಿಯದೆ ಇಲ್ಲ.

ಇಂಗ್ಲೆಂಡ್, ಅಮೆರಿಕಗಳಲ್ಲಿ ನೆಲೆಸಿದ ನಮ್ಮ ಕನ್ನಡದವರೂ ಬಹಳ ಮಂದಿ ಇದ್ದಾರೆ. ಅವರಿಗೆ ನಮ್ಮದೊಂದು ಮಾತು. ಸೂಪರ್ ಮಾರ್ಕೆಟ್ಟಿನ ಬಾಗಿಲಲ್ಲಿ ಫುಡ್ ಬ್ಯಾಂಕಿನ ಬುಟ್ಟಿ ಕಂಡರೆ ಖಂಡಿತ ಒಂದು ಡಬ್ಬ ಹಾಕಿ, ಈ ವಾರದ ಹಸಿವಿಗೆ ಅದು ಬೇಕು. ಆದರೆ ಅಲ್ಲಿಗೇ ನಿಲ್ಲಬೇಡಿ. ಈ ಬುಟ್ಟಿ ಯಾಕೆ ಬೇಕಾಯಿತು ಎಂದು ನಿಮ್ಮ ಊರಿನ ಪ್ರತಿನಿಧಿಗೆ ಒಂದು ಪತ್ರ ಬರೆಯಿರಿ. ಲಿವರ್‌ಪೂಲಿನ ಆ ಫುಟ್‌ಬಾಲ್ ಅಭಿಮಾನಿಗಳಲ್ಲೊಬ್ಬರಾದ ಇಯಾನ್ ಬರ್ನ್ ಸಂಸದರಾಗಿ ಈಗ ಕೇಳುತ್ತಿರುವುದು ಇದನ್ನೇ, ಚೀಲ ಹಂಚುತ್ತಲೇ ಇರಬೇಕಾಗಬಾರದು, ಆಹಾರದ ಹಕ್ಕನ್ನು ಕಾಯಿದೆಯಲ್ಲಿ ಬರೆಯಿರಿ ಅಂತ.

ನಮ್ಮ ಮನೆಯಲ್ಲಿ ಉಂಡ ಮಗು ಕೈತೊಳೆದು ಆಟಕ್ಕೆ ಓಡುತ್ತದೆ, ಯಾರಿಗೂ ಥ್ಯಾಂಕ್ಸ್ ಹೇಳುವುದಿಲ್ಲ. ಶಾಲೆಯಲ್ಲೂ ಹಾಗೆಯೇ ಓಡಬೇಕು. ಅದು ಮಂಜೇಶ್ವರದ ಶಾಲೆಯಾಗಲಿ, ಮ್ಯಾಂಚೆಸ್ಟರಿನದ್ದಾಗಲಿ. ಏನಂತೀರಿ?